ಕರೆಂಟಿಗೊಂದು ಪಾಲು

ನಾವುಂದದಲ್ಲಿ ನಾನು ಬಾಡಿಗೆಗಿದ್ದ ಮನೆಯ ಕರೆಂಟು ಮೀಟರನ್ನು ನನಗಿಂತ ಹೆಚ್ಚು ಸಲ ನೋಡಿದವರು ನಮಗೆ ಮೀನು ತರುತ್ತಿದ್ದ ಅಕ್ಕ. ಅಂಗಳಕ್ಕೆ ಬಂದು ಬುಟ್ಟಿ ಇಳಿಸಿ, ತಲೆಯ ಮೇಲಿನ ಸಿಂಬಿಯ ಬಟ್ಟೆಯನ್ನೇ ಬಿಚ್ಚಿ ಕುತ್ತಿಗೆ ಒರೆಸಿಕೊಳ್ಳುವಾಗ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಜಗುಲಿಯ ಮೂಲೆಯ ಆ ಪೆಟ್ಟಿಗೆಯ ಕಡೆಗೆ. ಅದರೊಳಗಿನ ಪುಟ್ಟ ಕೆಂಪು ದೀಪ ಮಿಣುಕುತ್ತಿದೆಯೆಂದು ಖಾತ್ರಿಯಾದ ಮೇಲೆಯೇ "ಹ್ವಾಯ್ ಟೀಚ್ರೆ, ಬಂಗುಡೆ ಇತ್ತ್, ಬನ್ನಿ" ಎಂದು ಕರೆಯುತ್ತಿದ್ದರು.

ಸಾಸ್ತಾನದಿಂದ ವರ್ಗವಾಗಿ ಅಲ್ಲಿನ ಪ್ರೌಢಶಾಲೆಗೆ ಬಂದ ಹೊಸತು. ಇದೇನು ಅಭ್ಯಾಸವೋ ಎಂದುಕೊಂಡೆ. ಒಂದು ದಿನ ಕೇಳಿಯೂ ಬಿಟ್ಟೆ.

"ಅಕ್ಕ, ದಿನಾ ಆ ಮೀಟರಲ್ಲಿ ಎಂತ ಕಾಂತ್ರಿ?"

"ಎಂತ ಇಲ್ಲೆ. ಜೀವ ಇತ್ತಾ ಕಾಂತೆ" ಎಂದು ಬಂಗುಡೆಯ ಕಿವಿರು ಎತ್ತಿ ತೋರಿಸಿದರು. "ಕಾಣಿ, ಇದೂ ಹಾಂಗೆ. ಕೆಂಪಿದ್ರೆ ಒಳ್ಳೆದ್."

ಅಕ್ಕ ಎತ್ತರದ, ಎಲುಬು ಗಟ್ಟಿಯ ಹೆಂಗಸು. ನಡೆದರೆ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವ ಹಾಗೆ ನಡಿಗೆ. ಮಾತು ಅದಕ್ಕಿಂತಲೂ ವೇಗ. ಊರಿನಲ್ಲಿ ಹಿರಿಯರು, ಕಿರಿಯರು, ಗುಡಿಯ ಭಟ್ಟರು, ಬ್ಯಾಂಕಿನ ಮ್ಯಾನೇಜರು ಎಲ್ಲರಿಗೂ ಅವರು ಅಕ್ಕನೇ. ಬೆಳಿಗ್ಗೆ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ ಏಲಂನಲ್ಲಿ ಮೀನು ಹಿಡಿದು, ಹೆದ್ದಾರಿಯ ಎರಡೂ ಬದಿಯ ಕೇರಿಗಳನ್ನು ಸುತ್ತಿ, ಮಧ್ಯಾಹ್ನದ ಗಂಜಿಯ ಹೊತ್ತಿಗೆ ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಬರುವುದು ಅವರ ದಿನಚರಿ. ಮನೆಯಲ್ಲಿ ಅವರೊಬ್ಬರೇ. ಮಗಳನ್ನು ಬ್ರಹ್ಮಾವರದ ಕಡೆಗೆ ಕೊಟ್ಟಿತ್ತು.

ಅವರ ಬಾಯಿಗೆ ಹೆದರದವರಿರಲಿಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ದೊಡ್ಡ ಮನೆ ಕಟ್ಟಿಸಿದ್ದ ಯಜಮಾನರೊಬ್ಬರು ಒಮ್ಮೆ ಮೀನಿಗೆ ಚೌಕಾಸಿ ಮಾಡಿದರು. ಬಾಗಿಲು ತೆರೆದಿತ್ತು, ಒಳಗಿನಿಂದ ಎಸಿಯ ತಂಪು ಅಂಗಳದವರೆಗೂ ಬರುತ್ತಿತ್ತು. ಅಕ್ಕ ಕೇಳಿದರು, "ಒಳ್ಗೆ ಆ ಗಾಳಿ ಹತ್ರ ಚೌಕಾಸಿ ಮಾಡಿರ್ಯಾ? ಅದ್ಕೆ ಕೇಳಿದಷ್ಟ್ ಕೊಡ್ತ್ರಿ ಅಲ್ದಾ? ನಂಗೂ ಕೇಳಿದಷ್ಟ್ ಕೊಡಿ." ಯಜಮಾನರು ನಕ್ಕು ಕೊಟ್ಟರಂತೆ. ಫ್ರಿಜ್ಜಿನ ಬಗ್ಗೆ ಮಾತ್ರ ಅವರಿಗೆ ತೀರದ ಸಿಟ್ಟು. ಅದು ಕರೆಂಟು ತಿನ್ನುತ್ತದೆ ಎಂಬುದು ಹೇಳುವ ಕಾರಣ. ಜನ ಒಂದೇ ದಿನ ವಾರದ ಮೀನು ತೆಗೆದಿಟ್ಟುಕೊಳ್ಳುತ್ತಾರೆ ಎಂಬುದು ಹೇಳದ ಕಾರಣ. "ಫ್ರಿಜ್ಜ್ ಅಂದ್ರೆ ಸತ್ ಮೀನಿನ ಛತ್ರ" ಎನ್ನುತ್ತಿದ್ದರು. ನಮ್ಮ ಮನೆಯ ಫ್ರಿಜ್ಜಿನ ಮೇಲೆ ನಾನೊಂದು ಹೂವಿನ ಬಟ್ಟೆ ಹೊದೆಸಿದ್ದೆ, ಅದನ್ನು ನೋಡಿ "ಹೊದೆಸಿದ್ದ್ ಸಮ ಆಯ್ತ್" ಎಂದರು.

ಮೀಟರಿನ ಹಿಂದಿನ ಕಥೆ ತಿಳಿದದ್ದು ಬಹಳ ತಡವಾಗಿ. ಮಳೆಗಾಲ ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ಮಳೆ ಬಿಡಲೆಂದು ನಮ್ಮ ಜಗುಲಿಯಲ್ಲಿ ಕೂತಿದ್ದಾಗ ಅವರಾಗಿಯೇ ಹೇಳಿದರು. ಮದುವೆಯಾದ ಹೊಸತರಲ್ಲಿ ಗಂಡ ಮುಂಬಯಿಯಲ್ಲಿದ್ದ. ದುಡ್ಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಮಳೆಗಾಲ ಬಿಲ್ಲು ಕಟ್ಟಲಾಗದೆ ಮನೆಯ ಕರೆಂಟು ಹೋಯಿತು. ಮಗು ಎದೆಹಾಲು ಕುಡಿಯುವಷ್ಟು ಚಿಕ್ಕದು. ಬುಡ್ಡಿದೀಪ ಹಚ್ಚಿ ಕಾಲ ಕಳೆದರು. ಅದೇನೂ ದೊಡ್ಡ ಕಷ್ಟವಲ್ಲ ಎಂದರು. ಆದರೆ ಕೇರಿಯವರು ಆ ಮನೆಗೆ 'ಕತ್ಲಿ ಮನಿ' ಎಂದು ಹೆಸರಿಟ್ಟರು. ಕರೆಂಟು ಮತ್ತೆ ಬಂದಮೇಲೂ ಹೆಸರು ಹೋಗಲಿಲ್ಲ. ಮಗಳು ಶಾಲೆಗೆ ಸೇರಿದಾಗಲೂ ಮಕ್ಕಳು ಅವಳನ್ನು 'ಕತ್ಲಿ ಮನಿ ಹೆಣ್ಣ್' ಎಂದೇ ಕರೆಯುತ್ತಿದ್ದರು.

"ಹಸ್ವ್ ಹೊಟ್ಟೆ ಒಳ್ಗಿರತ್ತ್ ಟೀಚ್ರೆ, ಯಾರಿಗೂ ಕಾಂತಿಲ್ಲೆ. ಕತ್ಲಿ ಹಾಂಗಲ್ಲ. ಊರಿಗೆಲ್ಲ ಕಾಂತ್" ಎಂದರು. ಮಳೆ ನಿಂತಿತು. ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು.

ಮನೆಯ ಕರೆಂಟು ಹೋದ ಆ ಮಳೆಗಾಲದಿಂದ ಅಕ್ಕ ಯಾವ ಅಂಗಳಕ್ಕೆ ಹೋದರೂ ಮೀಟರು ನೋಡುವರು. ಅದರ ದೀಪ ಆರಿದ್ದರೆ, ಆ ಮನೆಯವರು ಬಾಯಿಬಿಟ್ಟು ಹೇಳದ ಯಾವುದೋ ಕಷ್ಟ ಒಳಗಿದೆ ಎಂದು ಅವರಿಗೆ ಅರ್ಥವಾಗುತ್ತಿತ್ತು. ಅಂಥ ಮನೆಯಲ್ಲಿ ಅವರು ಮೀನಿನ ಹಣ ಕೇಳುತ್ತಿರಲಿಲ್ಲ. ಕೂತು ಎಲೆಯಡಿಕೆ ಕೇಳಿ, ಅದನ್ನು ಮೆಲ್ಲುತ್ತ ಸಂಗತಿ ತೆಗೆಯುತ್ತಿದ್ದರು. ಆಮೇಲೆ ತಮ್ಮದೇ ಗಂಟಿನಿಂದಲೋ, ಯಾವುದಾದರೂ ದೊಡ್ಡ ಮನೆಯವರನ್ನು ಗದರಿಸಿಯೋ ಆ ಬಿಲ್ಲು ಕಟ್ಟಿಸುತ್ತಿದ್ದರು.

ಸರ್ಕಾರ ಉಚಿತ ಕರೆಂಟು ಕೊಡುತ್ತದೆ ಎಂದು ಸುದ್ದಿಯಾದಾಗ ಅಕ್ಕನಷ್ಟು ಸಂಭ್ರಮಪಟ್ಟವರು ಇರಲಿಕ್ಕಿಲ್ಲ. ಬುಟ್ಟಿ ಖಾಲಿಯಾದ ಕೂಡಲೇ ಸೀರೆ ಬದಲಿಸಿ, ಕೇರಿಯ ನಾಲ್ಕಾರು ಹೆಂಗಸರನ್ನು ಬಸ್ಸಿಗೆ ಹತ್ತಿಸಿಕೊಂಡು ಅರ್ಜಿ ಹಾಕಿಸಲು ಬೈಂದೂರಿನ ಕಂಪ್ಯೂಟರ್ ಅಂಗಡಿಗೆ ಹೋಗುವರು. ಎಷ್ಟೋ ಮನೆಗಳ ಮೀಟರು ಸತ್ತುಹೋದವರ ಹೆಸರಿನಲ್ಲೇ ಇತ್ತು. ಅದನ್ನು ಬದಲಿಸದೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. "ಸತ್ತವ್ರಿಗೆ ಎಂತಕೆ ಕರೆಂಟ್? ಅವ್ರಿಗೆ ಅಲ್ಲಿ ಬೇಕಾದಷ್ಟ್ ಬೆಳಕಿತ್ತ್. ನಿಮ್ ಹೆಸ್ರಿಗ್ ಮಾಡ್ಕಣಿ" ಎಂದು ಒಬ್ಬೊಬ್ಬರನ್ನೇ ಒಪ್ಪಿಸಿದರು.

ಒಬ್ಬ ಮುದುಕಿ ಮಾತ್ರ ಒಪ್ಪಲಿಲ್ಲ. ಗಂಡನ ಹೆಸರಿನಲ್ಲಿ ಲೋಕದಲ್ಲಿ ಉಳಿದಿರುವುದು ಅದೊಂದೇ, ತಿಂಗಳಿಗೊಮ್ಮೆ ಬಿಲ್ಲಿನಲ್ಲಾದರೂ ಆ ಹೆಸರು ಮನೆಗೆ ಬರುತ್ತದೆ, ಅದನ್ನು ತೆಗೆಯಲಾರೆ ಎಂದು ಹಟ ಹಿಡಿದಳು. ಅಕ್ಕ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮರುದಿನ ದೋಣಿಗಳಿಗೆ ಹೆಸರು ಬರೆಯುವ ಪೈಂಟರನನ್ನು ಕರೆತಂದು, ಮುದುಕಿಯ ಮನೆಯ ಗೇಟಿನ ಕಂಬದ ಮೇಲೆ ಅವಳ ಗಂಡನ ಹೆಸರನ್ನು ದೋಣಿಯ ಮೇಲಿರುವಂಥದೇ ನೀಲಿ ಅಕ್ಷರಗಳಲ್ಲಿ ಬರೆಸಿದರು. ಅಕ್ಕಪಕ್ಕ ಎರಡು ಮೀನುಗಳನ್ನೂ ಬಿಡಿಸಲು ಹೇಳಿದರು. ಮುದುಕಿ ಆ ಕಂಬವನ್ನು ಸವರಿ ನೋಡಿ, "ಈಗ ಎಲ್ಲಿಗ್ ಹೆಬ್ಬೆಟ್ಟ್ ಒತ್ತುಕು, ಹೇಳ್" ಎಂದಳು.

ಇಷ್ಟೆಲ್ಲ ಆದಮೇಲೆ ಊರಿನ ಕರೆಂಟಿನ ಚಿಂತೆ ತೀರಿತು ಎಂದೇ ಎಲ್ಲರೂ ತಿಳಿದೆವು. ಅಕ್ಕನೂ ಹಾಗೆಯೇ ತಿಳಿದಿದ್ದರು.

ಮುಂದಿನ ಮಳೆಗಾಲದಲ್ಲಿ ನನಗೆ ಮತದಾರರ ಪಟ್ಟಿಯ ಕೆಲಸ ಬಂತು. ಮನೆಮನೆಗೆ ಹೋಗಿ ಕೇಳಿ ಬರಬೇಕು. ಕಡಲ ಬದಿಯ ಕೇರಿಯಲ್ಲಿ ಯಾವ ಓಣಿ ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿಯದು. ಅಕ್ಕನನ್ನು ಜೊತೆಗೆ ಕರೆದೆ. ಬೋಟುಗಳು ಕಡಲಿಗಿಳಿಯದ ತಿಂಗಳು. ಅವರ ಬುಟ್ಟಿಗೂ ರಜೆ. "ಹೋಪ" ಎಂದು ಛತ್ರಿ ಹಿಡಿದು ಬಂದರು.

ಕೇರಿಯ ಕೊನೆಯಲ್ಲಿ ಒಬ್ಬ ಹಳೆಯ ತಾಂಡೇಲರ ಮನೆ. ತಾಂಡೇಲ ಎಂದರೆ ಬೋಟಿನ ಹಿರಿಯಾಳು. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಎನ್ನುವುದು ಅವರ ಮಾತಿನ ಮೇಲೆ. ಬಹಳ ಕಾಲ ಆ ದಡದಲ್ಲಿ ಅವರ ಮಾತೇ ಮಾತಾಗಿತ್ತಂತೆ. ಶ್ವಾಸಕೋಶ ಕೆಟ್ಟು ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಅವರಿಗೆ ಆಮ್ಲಜನಕದ ಯಂತ್ರವೊಂದನ್ನು ಯಾರೋ ದಾನಿಗಳು ಕೊಡಿಸಿದ್ದರು. ಕೇರಿಯವರ ಬಾಯಲ್ಲಿ ಅದು 'ಗಾಳಿ ಮಿಶನ್'. ಕರೆಂಟಿಗೆ ಹಾಕಿದರೆ ಗುರ್ರೆಂದು ಸದ್ದು ಮಾಡುತ್ತ ಮೂಗಿನ ಕೊಳವೆಗೆ ಗಾಳಿ ಕೊಡುವಂಥದು. ಹಗಲೂ ರಾತ್ರಿಯೂ ಅದು ಓಡಬೇಕು ಎಂದು ಡಾಕ್ಟರು ಹೇಳಿದ್ದರು. ಮಗ ಬೋಟಿನ ಕೆಲಸದವನು. ಸೊಸೆ ಗೇರುಬೀಜದ ಕಾರ್ಖಾನೆಗೆ ಹೋಗುವವಳು.

ಅಂಗಳಕ್ಕೆ ಕಾಲಿಟ್ಟವರೇ ಅಕ್ಕ ನಿಂತರು. ಕಿವಿ ಕೊಟ್ಟರು. ಹೆಂಚಿನಿಂದ ನೀರು ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಮಿಶನ್ ಎಂತಕೆ ಸುಮ್ನಿತ್ತ್?" ಎಂದವರು ಛತ್ರಿಯನ್ನು ಅಲ್ಲೇ ಎಸೆದು ಒಳಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ.

ತಾಂಡೇಲರು ಮಂಚದ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು. ತುಟಿ ನೇರಳೆ ಹಣ್ಣಿನ ಬಣ್ಣ. ಯಂತ್ರ ಪಕ್ಕದಲ್ಲೇ ಇತ್ತು. ಅದರ ಮೇಲೆ ಟಿವಿಗೆ ಹೊದೆಸುವ ಹಾಗೆ ಇಸ್ತ್ರಿ ಮಾಡಿದ ಬಟ್ಟೆ ಹೊದೆಸಿತ್ತು. ಅಕ್ಕ ಬಟ್ಟೆ ಕಿತ್ತು ಸ್ವಿಚ್ಚು ಒತ್ತಿದರು. ಕೊಳವೆಯನ್ನು ಅವರ ಮೂಗಿಗೆ ತಾವೇ ಸಿಕ್ಕಿಸಿದರು. ಹಿತ್ತಿಲಿನ ಬಾವಿಯಿಂದ ಕೊಡ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಕೊಡದ ನೀರು ಅವಳ ಕಾಲ ಮೇಲೆ ಚೆಲ್ಲುತ್ತಿತ್ತು.

"ನಾ ಬಂದ್ ಮಾಡಿದ್ದಲ್ಲ ಅಕ್ಕ" ಎಂದಳು. "ಮಾವನೇ ಮಾಡೂದ್. ನಾ ಹಾಕೂದ್, ಅವ್ರ್ ತೆಗೂದ್. ಇನ್ನೂರ್ ದಾಟ್ರೆ ಪೂರ್ತಿ ಬಿಲ್ ಬತ್ತ್ ಅಂಬ್ರ್. ಹೋದ್ ತಿಂಗ್ಳ್ ಬಂತ್. ಇವ್ರಿಗೆ ಮಳ್ಗಾಲದಲ್ಲಿ ಕೆಲ್ಸ ಇಲ್ಲೆ. ಅದ್ ಕಂಡ್ ಮಾವ..."

ಆಗ ನನಗೆ ವಿಷಯ ತಿಳಿಯಿತು. ಉಚಿತ ಕರೆಂಟಿಗೆ ಇನ್ನೂರು ಯೂನಿಟ್ಟಿನ ಮಿತಿ. ಒಂದು ಬಲ್ಬು, ಒಂದು ಫ್ಯಾನಿನ ಆ ಮನೆ ಅದರ ಹತ್ತಿರಕ್ಕೂ ಹೋಗುವಂಥದ್ದಲ್ಲ. ಆದರೆ ಗಾಳಿ ಮಿಶನ್ ಬಿಡುವಿಲ್ಲದೆ ಓಡಿದರೆ ಮಿತಿ ದಾಟುತ್ತದೆ. ದಾಟಿದ ತಿಂಗಳು ಇಡೀ ಬಿಲ್ಲು ಮನೆಯವರ ತಲೆಗೆ. ಮುದುಕ ಮನಸ್ಸಿನಲ್ಲೇ ಲೆಕ್ಕ ಹಾಕಿ ತಮ್ಮ ಉಸಿರನ್ನು ಕಡಿಮೆ ಮಾಡಿಕೊಳ್ಳಲು ಹೊರಟಿದ್ದರು.

ಅಕ್ಕ ಕಿರುಚುತ್ತಾರೆ ಎಂದು ಕಾದೆ. ಅವರು ಕಿರುಚಲಿಲ್ಲ. ಮಂಚದ ಬುಡದಲ್ಲಿ ನೆಲದ ಮೇಲೆ ಕೂತು, ಮುದುಕನ ತುಟಿಯನ್ನೇ ನೋಡುತ್ತ ಇದ್ದರು. ಬಣ್ಣ ತಿರುಗುವವರೆಗೂ ನೋಡಿದರು. ಆಮೇಲೆ ಕೇಳಿದರು, "ಎಂತ ತಾಂಡೇಲ್ರೆ, ಸಾಯ್ಕ್ ಅಂದ್ ಮಾಡಿರ್ಯಾ?"

"ಸಾಯೂದಲ್ಲ. ಹಗ್ಲಿಗ್ ಬೇಡ. ಕೂಕಂಡ್ರೆ ತಡಿತ್."

"ಬಿಲ್ ನಾವ್ ಕಟ್ತ್."

ಮುದುಕನ ಕಣ್ಣು ಕೆಂಪಾಯಿತು. "ನಾ ಇಷ್ಟ್ ವರ್ಷ ಊರಿಗೆ ಪಾಲ್ ಹಾಕಿದವ. ಈಗ ಕೂಕಂಡ್ ಭಿಕ್ಷೆ ತಿಂತಿಲ್ಲೆ. ಹೋಯ್ನಿ ಇಲ್ಲಿಂದ" ಎಂದರು. ಅಷ್ಟು ಹೇಳುವುದಕ್ಕೆ ಅವರು ಮೂರು ಸಲ ನಿಲ್ಲಬೇಕಾಯಿತು.

ಅಕ್ಕ ಎದ್ದು ಹೊರಗೆ ಬಂದರು. ಎಸೆದ ಛತ್ರಿಯನ್ನು ಎತ್ತಿಕೊಳ್ಳುವುದನ್ನೂ ಮರೆತು ಮಳೆಯಲ್ಲೇ ನಡೆದರು.

ಮರುದಿನವೇ ಸೊಸೆಯನ್ನು ಕರೆದುಕೊಂಡು ಕರೆಂಟು ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಸಂಗತಿ ಕೇಳಿ, ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಟ್ಟು, ಗಾಳಿ ಮಿಶನ್ನಿರುವ ಮನೆ, ಕರೆಂಟು ಕಡಿಯಬೇಡಿ ಎಂದು ಲೈನ್‌ಮನ್ನರಿಗೂ ಹೇಳಿದರು. ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ, ಬೋಟು ಇಳಿದ ಮೊದಲ ದಿನ ನಿಮಗೆ ಅಂಜಲ್ ಮೀನು ತಂದುಕೊಡುತ್ತೇನೆ ಎಂದರಂತೆ. ಆ ಅಧಿಕಾರಿ ಮೀನು ತಿನ್ನುವವರಲ್ಲ. "ತಿಂತಿಲ್ಯಾ?" ಎಂದು ಮರುಗಿ, "ಪಾಪ, ಇಷ್ಟ್ ಒಳ್ಳೆ ಮನ್ಷ" ಎಂದು ಹೇಳಿ ಬಂದರಂತೆ.

ಕಂತು ಸಿಕ್ಕಿತು. ಆದರೆ ಕಂತು ಕಟ್ಟುವ ಹಣ? ಮುದುಕ ಇನ್ನೊಬ್ಬರ ದುಡ್ಡು ಮುಟ್ಟುವುದಿಲ್ಲ. ಸೊಸೆ ಕಾರ್ಖಾನೆಗೆ ಹೋದ ಹೊತ್ತಿನಲ್ಲಿ ಅವರು ಸ್ವಿಚ್ಚು ಆರಿಸುವುದೂ ನಿಲ್ಲಲಿಲ್ಲ. ಹೋಗಿ ಬರುವವರೆಲ್ಲ ಕಿವಿಗೊಟ್ಟು ಕೇಳಿ, ಸದ್ದಿಲ್ಲದಿದ್ದರೆ ಒಳಗೆ ಹೋಗಿ ಹಾಕಿ ಬರಬೇಕೆಂದು ಅಕ್ಕ ಕೇರಿಗೆ ಕಟ್ಟು ಮಾಡಿದರು.

ಕೆಲವು ದಿನ ಬಿಟ್ಟು ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಮತ್ತೆ ಆ ಮನೆಗೆ ಹೋದರು. ಬಿಲ್ಲಿನ ಮಾತೇ ಎತ್ತಲಿಲ್ಲ. ಮಂಚದ ಬುಡದಲ್ಲಿ ಕೂತು, "ತಾಂಡೇಲ್ರೆ, ಈ ಟೀಚರಿಗೆ ಪಾಲ್ ಹಾಕೂದ್ ಹ್ಯಾಂಗೆ ಅಂದ್ ಗೊತ್ತಿಲ್ಲೆ. ಒಂಚೂರ್ ಹೇಳಿ ಕಾಂಬ" ಎಂದರು. ನನಗೆ ಗೊತ್ತಿಲ್ಲದ್ದು ನಿಜವೇ.

ಮುದುಕ ಹೇಳತೊಡಗಿದರು. ಹಿಡಿದ ಮೀನಿನ ಹಣದಲ್ಲಿ ಬೋಟಿಗೊಂದು ಪಾಲು, ಬಲೆಗೊಂದು ಪಾಲು, ತಾಂಡೇಲನಿಗೆ ಒಂದು ತೂಕ ಹೆಚ್ಚು, ಉಳಿದದ್ದು ಆಳಿಗಿಷ್ಟು. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗಾಯಿತು. ಅಕ್ಕ ನಡುವೆ ಕೇಳಿದರು.

"ಬೋಟ್ ಇಲ್ದ ಕಾಲದಲ್ಲಿ? ಕೈರಂಪಣಿ ಎಳುವತಿಗೆ?"

ದಡದಲ್ಲಿ ನಿಂತು ಊರಿಗೆ ಊರೇ ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ ಅದು. ಮುದುಕ ನಕ್ಕರು. "ಆಗ ಹಗ್ಗಕ್ಕೆ ಕೈ ಹಾಕಿದವ್ರಿಗೆಲ್ಲ ಪಾಲ್. ಮುದ್ಕಿಗೂ ಇತ್ತ್, ಬಸ್ರಿಗೂ ಇತ್ತ್."

"ಮತ್ತೆ ಹುಷಾರಿಲ್ದೆ ಮನೆಗ್ ಮಲ್ಕಂಡವ್ನಿಗೆ?"

"ಅವ್ನಿಗೂ ಇತ್ತ್. ನಾನೇ ಎಷ್ಟ್ ಮನೆಗ್ ಕಳ್ಸಿಲ್ಲೆ! ನಿನ್ನೆ ಎಳ್ದವ, ನಾಳೆ ಎಳುವವ. ಇವತ್ ಮಲ್ಕಂಡ ಅಂದ್ ಬಿಡುಕಾತ್ತಾ?"

"ಅದ್ ಭಿಕ್ಷೆಯಾ?" ಎಂದರು ಅಕ್ಕ.

ಮುದುಕ ಮೂಗಿನ ಕೊಳವೆಯನ್ನು ಸರಿಮಾಡಿಕೊಂಡರು. ಯಂತ್ರ ಗುರ್ರೆನ್ನುತ್ತಿತ್ತು. "ನೀ ಭಾರಿ ಕಿಲಾಡಿ ಮಾರಾಯ್ತಿ" ಎಂದರು. ಕಣ್ಣಿನಲ್ಲಿ ನೀರಿತ್ತು. ಅದನ್ನು ಯಾರೂ ನೋಡದ ಹಾಗೆ ನಾವಿಬ್ಬರೂ ಬೇರೆ ಕಡೆ ನೋಡಿದೆವು.

ಆ ಮಳೆಗಾಲದ ಕಂತನ್ನು ಅಕ್ಕ 'ಮುಂಗಡ ಪಾಲು' ಎಂದು ಕರೆದು ಮಹಿಳಾ ಸಂಘದಿಂದ ಕಟ್ಟಿಸಿದರು. ಮುದುಕ ಈ ಸಲ ಬೇಡವೆನ್ನಲಿಲ್ಲ. ಬದಲಿಗೆ, ಈಗಿನ ಬೋಟುಗಳ ತಾಂಡೇಲರಿಗೆಲ್ಲ ಹೇಳಿ ಕಳುಹಿಸಿ ಮನೆಗೆ ಕರೆಸಿದರು. ಹೆಚ್ಚಿನವರು ಅವರ ಕೈಕೆಳಗೆ ಕಲಿತ ಹುಡುಗರು, ಈಗ ಅವರಿಗೇ ತಲೆ ನರೆತಿತ್ತು. ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಹೇಳಿದರು, "ಬೋಟಿಗ್ ಪಾಲಿತ್ತ್, ಬಲೆಗ್ ಪಾಲಿತ್ತ್. ಇನ್ ಕರೆಂಟಿಗ್ ಒಂದ್ ಪಾಲ್. ತಿಂಗ್ಳಿಗ್ ಒಂದ್ ಸಲ, ಬೋಟಿಗ್ ಒಂದ್ ಬುಟ್ಟಿ. ಬಿಲ್ ಕಟ್ಟುಕಾಗದ ಮನೆಗ್ ಹೋಪ್ಕ್."

ಬೋಟು ಇಳಿದ ಮೇಲೆ ಮೊದಲ ಪಾಲಿನ ದಿನ ನಾನೂ ದಕ್ಕೆಗೆ ಹೋಗಿದ್ದೆ. ಅಲ್ಲಿ ಏಲಂ ಕೂಗುವವರೆಲ್ಲ ಗಂಡಸರು. ಅಕ್ಕ ಸೆರಗು ಸಿಕ್ಕಿಸಿ, ಪಾಲಿನ ಮೀನು ಏಲಂ ಹಾಕಲು ನಡುವೆ ಹೋಗಿ ನಿಂತಾಗ ಯಾರೋ "ಅಕ್ಕ, ಸೋಲಾರ್ ಹಾಕ್ಸ್ಕಣಿ" ಎಂದು ಕೂಗಿದ. ನಗು ಎದ್ದಿತು. ಮೊದಲ ಬೋಟಿನ ಮಾಲೀಕ ಒಂದು ಬುಟ್ಟಿ ತಂದು ಅವರ ಮುಂದಿಟ್ಟ. ಅಕ್ಕ ಬಗ್ಗಿ ಕೈಹಾಕಿ ನೋಡಿದರು. ಹೊಟ್ಟೆ ಒಡೆದ, ನುಜ್ಜುಗುಜ್ಜಾದ ಪುಡಿಮೀನು.

"ಇದ್ ಬೆಕ್ಕಿಗ್ ಹಾಕಿ" ಎಂದು ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು. "ಪಾಲ್ ಅಂದ್ರೆ ಪಾಲ್. ನಿಮ್ ಮನೆಗ್ ಯಾವ್ದ್ ತಕಂಡ್ ಹೋತ್ರಿ, ಅದನ್ನ ತನ್ನಿ. ಇಲ್ದಿರೆ ನಂಗ್ ಎಂತದೂ ಬೇಡ."

ಮಾಲೀಕ ಅತ್ತಿತ್ತ ನೋಡಿದ. ಅಕ್ಕ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕಡೆಗೆ ಅವನೇ ಹೋಗಿ, ಬೆಳ್ಳಗೆ ಹೊಳೆಯುವ ಪಾಂಪ್ಲೆಟ್ ಮೀನಿನ ಬುಟ್ಟಿಯನ್ನು ಹೊತ್ತು ತಂದ. ಅಕ್ಕ ಏಲಂ ಕೂಗತೊಡಗಿದರು. ಓಣಿಯಲ್ಲಿ ಮೀನು ಮಾರುವ ಆ ದನಿಗೆ ದಕ್ಕೆಯೇ ಸಾಲದು. ಬೆಲೆ ಏರಿತು. ಸೋಲಾರ್ ಎಂದು ನಕ್ಕವನೇ ಕೊನೆಯ ಕೂಗು ಕೂಗಿ ಹಿಡಿದ. ಉಳಿದ ಬೋಟಿನವರು ಯಾರೂ ಪುಡಿಮೀನು ತರಲಿಲ್ಲ.

ಆ ಹಣವನ್ನು ಅಕ್ಕ ಕೈಯಿಂದ ಮುಟ್ಟುತ್ತಿರಲಿಲ್ಲ. ನೇರ ಸಂಘದ ಖಾತೆಗೆ ಹೋಗಬೇಕು. ತಾನು ಆ ಬುಟ್ಟಿಗೆ ಏಲಂ ಕೂಗುವವಳೇ ಹೊರತು ಎಂದೂ ಕೊಳ್ಳುವವಳಲ್ಲ. ಯಾರ ಮನೆಯ ಬಿಲ್ಲು ಎಂದು ದಕ್ಕೆಯಲ್ಲಿ ಬಾಯಿ ಬಿಡಕೂಡದು ಎಂಬುದು ಅವರ ನಿಯಮ. ಭಾನುವಾರ ನಮ್ಮ ಜಗುಲಿಗೆ ಬಂದು ಕೂರುತ್ತಿದ್ದರು. ನಾನು ಸಂಘದ ಫೋನಿನಲ್ಲಿ ಒಂದೊಂದೇ ಮನೆಯ ಬಿಲ್ಲು ಕಟ್ಟುತ್ತಿದ್ದೆ. ಹಣ ಸಂದಾಯವಾಗಿ ಪರದೆಯ ಮೇಲೆ ಹಸಿರು ಗುರುತು ಬರುವವರೆಗೂ ಅವರಿಗೆ ತಳಮಳ. "ಹಸ್ರ್ ಬಂತಾ? ಬಂತಾ? ಹಾಂ, ಇನ್ ಒಂದ್ ಲೋಟ ಚಾ ಮಾಡಿ" ಎನ್ನುವರು.

ಅಕ್ಕನನ್ನು ಬರಿದೇ ಹೊಗಳಿದರೆ ಅವರು ಅವರಾಗುವುದಿಲ್ಲ. ಅವರಿಗೆ ಕುಡುಕರನ್ನು ಕಂಡರೆ ಆಗುತ್ತಿರಲಿಲ್ಲ. ಬೋಟಿನ ಕೆಲಸದವನೊಬ್ಬ ಕುಡಿದು ಹಾಳಾದ. ಅವನ ಹೆಂಡತಿ ಬಿಲ್ಲಿಗೆ ಸಹಾಯ ಕೇಳಿಕೊಂಡು ಬಂದಾಗ ಅಕ್ಕ, "ಅವ ಕುಡೂದ್ ಬಿಡ್ಲಿ, ಆಮೇಲೆ ಕಾಂಬ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆ ಹೆಂಗಸು ತಲೆ ತಗ್ಗಿಸಿ ಹೋದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸುದ್ದಿ ತಾಂಡೇಲರಿಗೆ ಮುಟ್ಟಿತು. ಅಕ್ಕನನ್ನು ಕರೆಸಿ ಹೇಳಿದರು, "ಪಾಲ್ ಹಾಕುವತಿಗೆ ಕುಡ್ದನಾ ಅಂದ್ ಕೇಂಬ ಕ್ರಮ ಇಲ್ಲೆ. ಹಗ್ಗಕ್ಕೆ ಕೈ ಹಾಕಿದ್ನಾ, ಅಷ್ಟೇ. ಅವ ನನ್ನ ಹಗ್ಗ ಎಳ್ದವ." ಅಕ್ಕ ಹೊರಗೆ ಬಂದು ಆ ಮುದುಕನಿಗೆ ಬಾಯಿತುಂಬ ಬೈದರು. ಗಾಳಿ ಕೊಡಿಸಿದ್ದು ನನಗೇ ಬುದ್ಧಿ ಹೇಳಲಿಕ್ಕಾ ಎಂದರು. ಬೈಯುತ್ತಲೇ ಕುಡುಕನ ಮನೆಗೆ ಹೋದರು. ಆ ಹೆಂಗಸಿನ ಕೈ ಹಿಡಿದು, "ಬಿಲ್ ನಾ ಕಟ್ತೆ. ನಾ ಹೇಳಿದ್ದನ್ನ ಮನ್ಸಿಗ್ ಹಚ್ಕಣ್ಬೇಡ" ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಅದರ ಹತ್ತಿರಕ್ಕೆ ಬಂದದ್ದು ಅಷ್ಟೇ.

ನನಗೆ ಮತ್ತೆ ಸಾಸ್ತಾನದ ಕಡೆಗೆ ವರ್ಗವಾಯಿತು. ಫೋನು ಮಾಡುತ್ತಿದ್ದೆ. ಈ ವರ್ಷದ ಮಳೆಗಾಲದ ಮೊದಲಲ್ಲಿ, ಒಂದು ಬೆಳಿಗ್ಗೆ, ಅವರ ಮಗಳೇ ಫೋನು ಮಾಡಿದಳು. ಅಕ್ಕ ಹಿತ್ತಿಲಿನಲ್ಲಿ ಒಣಮೀನು ಎತ್ತಿಡುತ್ತ ಕುಸಿದು ಕೂತವರು ಏಳಲಿಲ್ಲವಂತೆ.

ನಾನು ತಲುಪಿದಾಗ ಅಂಗಳ ತುಂಬ ಜನ. ಬೋಟುಗಳೆಲ್ಲ ದಡದಲ್ಲಿದ್ದ ಕಾಲ, ಗಂಡಸರೆಲ್ಲ ಊರಿನಲ್ಲೇ ಇದ್ದರು. ಮಳೆಗೆ ತಾಡಪಾಲು ಕಟ್ಟಿದ್ದರು. ಅಕ್ಕನನ್ನು ಜಗುಲಿಯಲ್ಲಿ ಮಲಗಿಸಿದ್ದರು. ಅಷ್ಟು ಮಾತನಾಡುತ್ತಿದ್ದ ಬಾಯಿ ಮುಚ್ಚಿಕೊಂಡು ಮಲಗಿರುವುದನ್ನು ನೋಡಲು ನನ್ನಿಂದಾಗಲಿಲ್ಲ. ಮಗಳ ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಗೇಟಿನ ಬಳಿ ಒಂದು ರಿಕ್ಷಾ ನಿಂತಿತು. ಜನ ಎದ್ದು ದಾರಿಬಿಟ್ಟರು. ತಾಂಡೇಲರನ್ನು ಅವರ ಮಗ ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದ. ಸೊಸೆಯೂ ಇನ್ನೊಬ್ಬನೂ ಗಾಳಿ ಮಿಶನ್ನನ್ನು ಎರಡು ಕಡೆ ಹಿಡಿದು ಓಡಿಬಂದರು. ಆಸ್ಪತ್ರೆಯಿಂದ ಬಂದಮೇಲೆ ಮುದುಕ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲಂತೆ. ಇಷ್ಟು ದೂರದ ದಾರಿಗೇ ಅವರ ಉಸಿರು ಮುಗಿದುಹೋಗಿತ್ತು. ಸೊಸೆ ತಂತಿ ಹಿಡಿದು ಅತ್ತಿತ್ತ ನೋಡಿದಳು. ಸಾವಿನ ಮನೆಯಲ್ಲಿ ಹೇಗೆ ಕೇಳುವುದು ಎಂಬ ಸಂಕೋಚ. ಅಕ್ಕನ ಮಗಳು ಎದ್ದು ಹೋಗಿ ತಾನೇ ತಂತಿ ಇಸಿದುಕೊಂಡು ಜಗುಲಿಯ ಪ್ಲಗ್ಗಿಗೆ ಹಾಕಿದಳು.

ತಾಂಡೇಲರು ಕುರ್ಚಿಯ ಮೇಲೆ ಅಕ್ಕನ ಕಾಲಬುಡದಲ್ಲಿ ಕೂತರು. ಯಂತ್ರದ ಗುರ್ರೆನ್ನುವ ಸದ್ದು, ತಾಡಪಾಲಿನ ಮೇಲೆ ಮಳೆಯ ಸದ್ದು, ಅಷ್ಟೇ. ಎತ್ತುವ ಹೊತ್ತಾಯಿತು. ಅಕ್ಕ ಉದ್ದದ ಹೆಂಗಸು. ಚಟ್ಟಕ್ಕೆ ಹೆಗಲು ಕೊಡಲು ಬಂದವರೆಲ್ಲ ಬೋಟಿನವರು, ಪಾಂಪ್ಲೆಟ್ ಬುಟ್ಟಿ ತಂದ ಆ ಮಾಲೀಕನೂ ಇದ್ದ. ಬಗ್ಗಿ ಹಿಡಿದರು. ಹಿಡಿದವರಿಗೆ ಎತ್ತಲು ಮನಸ್ಸಾಗಲಿಲ್ಲವೇನೋ, ಹಾಗೆಯೇ ಬಗ್ಗಿ ನಿಂತುಬಿಟ್ಟರು. ಗೋವಿಂದ ಎಂದು ಕೂಗಬೇಕಾದವರೂ ಕೂಗಲಿಲ್ಲ.

ಆಗ ತಾಂಡೇಲರು ಮೂಗಿನ ಕೊಳವೆಯನ್ನು ಕಿತ್ತು ತೆಗೆದರು. ಕುರ್ಚಿಯ ಕೈ ಹಿಡಿದು ಎದ್ದು ನಿಂತು ಕೂಗಿದರು. ಬಲೆ ಎಳೆಯುವಾಗ ದಡವೆಲ್ಲ ಕೇಳುವಂತೆ ಹಾಕುತ್ತಿದ್ದ ಕೂಗು ಅದು. ವರ್ಷಗಳಿಂದ ಊರು ಕೇಳಿರಲಿಲ್ಲ.

"ಓ... ಐಸಾ!"

ಬಗ್ಗಿದ್ದ ಬೆನ್ನುಗಳೆಲ್ಲ ಒಟ್ಟಿಗೆ ನೆಟ್ಟಗಾದವು. "ಐಸಾ!" ಎಂದು ಅಂಗಳದ ಗಂಡಸರೆಲ್ಲ ಕೂಗಿದರು. ಅಕ್ಕ ಹೆಗಲ ಮೇಲೇರಿದರು. ಮಳೆಯಲ್ಲಿ ಗೇಟು ದಾಟಿ ಹೋದರು.

ಸೊಸೆ ಕೊಳವೆ ಹುಡುಕುತ್ತ ಓಡಿ ಬಂದಳು. ಅಷ್ಟರಲ್ಲಿ ಮುದುಕ ಕುರ್ಚಿಗೆ ಕುಸಿದು, ತಾವೇ ಅದನ್ನು ಎತ್ತಿ ಮೂಗಿಗೆ ಸಿಕ್ಕಿಸಿಕೊಂಡಿದ್ದರು.